ಜಿಮ್‌ಗೆ ಸೇರುವ ಮುನ್ನ: ತರಬೇತುದಾರರನ್ನು ಆರಿಸಿಕೊಳ್ಳುವುದು ಹೇಗೆ?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ರೋಗಿಗಳು ಮತ್ತು ಅವರ ಬಂಧುಗಳನ್ನು ಉದ್ದೇಶಿಸಿ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರು ಮಾಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯವನ್ನು ಫಲಕದ ಮೇಲೆ ಓದಿ ಕೆಲವರಿಗೆ ನಗು ಬಂದಿರಬಹುದು. ಧರ್ಮಾರ್ಥ ಆಸ್ಪತ್ರೆಯಲ್ಲಿ ಜಿಮ್ಮಿನ ಮಾತೇಕೆ, ಅದು ಪೇಟೆಯ ಹುಡುಗರ ಶೋಕಿಯಲ್ಲವೇ ಎಂದು. ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಈಗ ತಾಲ್ಲೂಕು ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಹಿಂದೊಂದು, ಸಂತೆ ಬಯಲಿನ ಎದುರಿಗೊಂದು ಜಿಮ್ ಇದೆ. ಹೊರರೋಗಿ ವಿಭಾಗಕ್ಕೆ ಬರುವ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು, ಮೊಣಕಾಲು ನೋವಿನ ತಾಯಂದಿರು ಕೂಡ "ಡಾಕ್ಟ್ರೇ, ಜಿಮ್ಮಿಗೆ ಹೋಗಬಹುದಾ?" ಎಂದು ಕೇಳುತ್ತಿದ್ದಾರೆ. ಹೋಗಬಹುದು. ಆದರೆ ಅಲ್ಲಿ ಯಾರ ಕೈಗೆ ನಿಮ್ಮ ದೇಹವನ್ನು ಒಪ್ಪಿಸುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಶಾಲಾ ಮಾಸ್ತರರು ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಸಕ್ಕರೆ ಕಾಯಿಲೆ, ಜೊತೆಗೆ ಸ್ವಲ್ಪ ಬಿ.ಪಿ. ಚೀಟಿಯ ಮೇಲೆ ಮಾತ್ರೆಗಳನ್ನು ಬರೆದು, ಕೊನೆಯಲ್ಲಿ "ನಿಯಮಿತ ವ್ಯಾಯಾಮ ಮಾಡಿ" ಎಂದು ಒಂದು ಸಾಲು ಸೇರಿಸಿದೆ. ಯಾವ ವ್ಯಾಯಾಮ, ಎಷ್ಟು ಹೊತ್ತು, ತಿಂಡಿಗೆ ಮೊದಲೋ ನಂತರವೋ, ಏನನ್ನೂ ಬರೆಯಲಿಲ್ಲ. ಹೊರಗೆ ನೂರು ಜನ ಸಾಲಿನಲ್ಲಿದ್ದರು. ಮಾಸ್ತರರು ಶಿಸ್ತಿನ ಮನುಷ್ಯರು. ಮರುವಾರವೇ ಜಿಮ್ ಸೇರಿದರು. ಬೆಳಿಗ್ಗೆ ಐದೂವರೆಗೆ ಬರಿ ಹೊಟ್ಟೆಯಲ್ಲಿ ಸಕ್ಕರೆಯ ಮಾತ್ರೆ ನುಂಗಿ, ಬಂದ ಮೇಲೆ ತಿಂಡಿ ತಿಂದರಾಯಿತೆಂದು ಹೊರಟರು. ಅವರು ನುಂಗುತ್ತಿದ್ದುದು ಗ್ಲಿಮೆಪಿರೈಡ್ ಸೇರಿದ ಮಾತ್ರೆ. ಅದನ್ನು ನುಂಗಿ ಊಟ ತಡವಾದರೇ ರಕ್ತದ ಸಕ್ಕರೆ ಕುಸಿಯುತ್ತದೆ. ಮೇಲೆ ನಲವತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ಓಡಿದರೆ ಕೇಳಬೇಕೆ? ಮೂರನೆಯ ದಿನ ಯಂತ್ರದ ಮೇಲೆಯೇ ಕುಸಿದು, ಹಣೆ ಒಡೆದುಕೊಂಡು, ಆಟೋದಲ್ಲಿ ಇಲ್ಲಿಗೆ ಬಂದರು.

ಜೊತೆಗೆ ಬಂದಿದ್ದ ಟ್ರೇನರ್ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಕೈ ನಡುಗುತ್ತಿತ್ತು. "ಸರ್, ಅವರಿಗೆ ಶುಗರ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದ. "ಕೇಳಿದ್ದೆಯೇನಪ್ಪ?" ಎಂದೆ. ತಲೆ ತಗ್ಗಿಸಿದ. ಗ್ಲೂಕೋಸ್ ಏರಿ ಎಚ್ಚರವಾಗಿದ್ದ ಮಾಸ್ತರರು ಮಲಗಿದಲ್ಲಿಂದಲೇ ಹೇಳಿದರು: "ಅವ ಕೇಳಲಿಲ್ರೀ ಸಾಹೇಬ್ರ, ನಾ ಹೇಳಲಿಲ್ಲ. ನೀವರೆ ಚೀಟ್ಯಾಗ ಬರದಿದ್ರಿ ಮಾಡ್ರಿ ಅಂತ." ಹಣೆಗೆ ಐದು ಹೊಲಿಗೆ ಬಿತ್ತು. ಮಾಸ್ತರರು ಉಳಿದರು, ಅದು ನಮ್ಮೆಲ್ಲರ ಪುಣ್ಯ.

ಅಂದಿನಿಂದ ನಾನು ರೋಗಿಗಳಿಗೆ ಹೇಳುವುದು ಇಷ್ಟು: ಒಳ್ಳೆಯ ತರಬೇತುದಾರನನ್ನು ಅವನ ತೋಳಿನ ಗಾತ್ರದಿಂದ ಅಳೆಯಬೇಡಿ. ಮೊದಲ ದಿನ ಅವನು ನಿಮ್ಮನ್ನು ಏನು ಕೇಳುತ್ತಾನೆ ಎಂಬುದನ್ನು ಗಮನಿಸಿ.

ವಯಸ್ಸೆಷ್ಟು, ಸಕ್ಕರೆ ಇದೆಯೇ, ಬಿ.ಪಿ. ಇದೆಯೇ, ಯಾವ ಮಾತ್ರೆ, ಯಾವ ಹೊತ್ತಿಗೆ? ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಯೇ? ತಲೆ ಸುತ್ತಿ ಬಿದ್ದದ್ದಿದೆಯೇ? ಮನೆಯಲ್ಲಿ ಅಪ್ಪ, ಅಣ್ಣತಮ್ಮಂದಿರು ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದದ್ದುಂಟೇ? ಹಳೆಯ ಆಪರೇಷನ್, ಹರ್ನಿಯಾ, ಬೆನ್ನುಹುರಿಯ ತೊಂದರೆ ಏನಾದರೂ? ಹೆಣ್ಣುಮಕ್ಕಳಾದರೆ ಹೆರಿಗೆಯಾಗಿ ಎಷ್ಟು ತಿಂಗಳಾಯಿತು? ಇಷ್ಟನ್ನು ಕೇಳಿ ಒಂದು ಕಾಗದದಲ್ಲಿ ಬರೆದುಕೊಳ್ಳುವವನು ನಿಮ್ಮ ಕೆಲಸಕ್ಕೆ ಆಗುವವನು. ಎಲ್ಲವನ್ನೂ ಕೇಳಿದ ಮೇಲೆ "ಅಣ್ಣಾ, ನೀವು ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಂಡು ಬನ್ನಿ, ಆಮೇಲೆ ಶುರು ಮಾಡೋಣ" ಎಂದರಂತೂ ಅವನನ್ನು ಬಿಡಬೇಡಿ. ಕೈಗೆ ಬರುವ ದುಡ್ಡನ್ನು ಒಂದು ವಾರ ಮುಂದಕ್ಕೆ ಹಾಕುವವನು ನಿಮ್ಮ ಪ್ರಾಣದ ಬೆಲೆ ತಿಳಿದವನೇ.

ಏನನ್ನೂ ಕೇಳದೆ "ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಸಿ ಕೊಡುತ್ತೇನೆ" ಎನ್ನುವವರೂ ಇದ್ದಾರೆ. ಅಂಥವರಲ್ಲಿ ನಾನಾದರೆ ಚಪ್ಪಲಿಯನ್ನೂ ಬಿಡುವುದಿಲ್ಲ.

ನಮ್ಮ ಕಡೆಯ ಗರಡಿಮನೆಯನ್ನು ನೆನೆಯಿರಿ. ಹಿರಿಯರಲ್ಲಿ ಕೆಲವರು ಸಾಮು ತೆಗೆದವರಿದ್ದೀರಿ. ಗುಂಡುಕಲ್ಲನ್ನೋ ಸಂಗ್ರಾಣಿ ಕಲ್ಲನ್ನೋ ಹೊಸ ಹುಡುಗನ ಕೈಗೆ ಮೊದಲ ದಿನವೇ ಯಾವ ಉಸ್ತಾದರೂ ಕೊಡುತ್ತಿರಲಿಲ್ಲ. ಮೊದಲು ಮಣ್ಣು ಹದ ಮಾಡಿಸಿ, ದಂಡ-ಬಸ್ಕಿ ತೆಗೆಸಿ, ಹುಡುಗನ ಉಸಿರು, ಸೊಂಟ, ಸ್ವಭಾವ ಎಲ್ಲ ನೋಡುತ್ತಿದ್ದರು. ಎಲ್ಲ ಉಸ್ತಾದರೂ ದೇವರಲ್ಲ, ಅಲ್ಲಿಯೂ ಕೈಕಾಲು ಮುರಿದವರುಂಟು. ಆದರೆ ನಿಧಾನವೆಂಬುದು ಅಲ್ಲಿನ ರೂಢಿಯಲ್ಲೇ ಇತ್ತು. ಇಂದು ತಿಂಗಳ ಹಣ ಕಟ್ಟಿದವರಿಗೆ ತಿಂಗಳೊಳಗೆ ಫಲ ತೋರಿಸಬೇಕೆಂಬ ಅವಸರವಿದೆ.

ಈ ಅವಸರ ಏನು ಮಾಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಮದುವೆ ಗೊತ್ತಾಗಿದ್ದ ಒಬ್ಬ ತರುಣ, ಯಾವ ಕಾಯಿಲೆಯೂ ಇಲ್ಲದವನು, ಜಿಮ್ ಸೇರಿದ ಮೊದಲ ದಿನವೇ ನೂರಾರು ಬಸ್ಕಿ ತೆಗೆದ. ಸಾಕೆಂದರೂ "ಇನ್ನೊಂದು, ಇನ್ನೊಂದು" ಎಂದು ಎದುರಿಗೆ ನಿಂತವರು ಕೂಗುತ್ತಿದ್ದರಂತೆ. ಎರಡು ದಿನದ ಮೇಲೆ ತೊಡೆ ಬಾತು, ಶೌಚಕ್ಕೆ ಕೂರಲಾಗದೆ ಬಂದ. ಅವನ ತಾಯಿ ಮೆಲ್ಲಗೆ "ಮೂತ್ರ ಕರಿ ಚಹಾದಂಗ ಹೊಂಟೈತ್ರೀ" ಎಂದರು. ಆ ಒಂದು ಮಾತಿನಿಂದ ರೋಗ ತಿಳಿಯಿತು. ಅತಿಯಾದ ಶ್ರಮದಿಂದ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ನೂರು-ಇನ್ನೂರರ ಆಸುಪಾಸಿನಲ್ಲಿರಬೇಕಾದ ಸಿ.ಪಿ.ಕೆ. ಎಂಬ ರಕ್ತಪರೀಕ್ಷೆಯ ಅಂಕಿ ಅವನಲ್ಲಿ ಹತ್ತಾರು ಸಾವಿರಕ್ಕೆ ಏರಿತ್ತು. ಬೇಗ ಬಂದದ್ದರಿಂದ ಸಲೈನ್‌ನಲ್ಲೇ ಗುಣವಾಯಿತು, ಡಯಾಲಿಸಿಸ್ ಬೇಕಾಗಲಿಲ್ಲ.

ಹೊಸದಾಗಿ ವ್ಯಾಯಾಮ ಮಾಡಿದಾಗ ಒಂದೆರಡು ದಿನ ಮೈಕೈ ನೋಯುವುದು ಸಹಜ, ಮೂರನೆಯ ದಿನದ ಹೊತ್ತಿಗೆ ಇಳಿಯುತ್ತದೆ. ಆದರೆ ಬಾವು, ತಡೆಯಲಾರದ ನೋವು, ಮೂತ್ರದ ಬಣ್ಣ ಕಪ್ಪಾಗುವುದು, ಇವು ಸಹಜವಲ್ಲ. ಅಂದೇ ಆಸ್ಪತ್ರೆಗೆ ಬನ್ನಿ. ನೋವಿನ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಮತ್ತಷ್ಟು ಭಾರ. ಟ್ರೇನರ್‌ಗೆ ಈ ಲಕ್ಷಣಗಳು ತಿಳಿದಿವೆಯೇ ಎಂದು ಕೇಳಿಯೇ ಸೇರಿ.

ಬಿ.ಪಿ. ಇರುವವರು ಗಮನವಿಟ್ಟು ಕೇಳಬೇಕಾದ ಮಾತೊಂದಿದೆ. ಭಾರ ಎತ್ತುವಾಗ ನಾವು ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಐವರು ಅನುಭವಿ ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು, ಅವರು ಭಾರ ತಳ್ಳುವಾಗ ರಕ್ತದೊತ್ತಡ ಅಳೆದರು. ಎರಡೂ ಕಾಲುಗಳಿಂದ ಭಾರ ಒತ್ತುವಾಗ ಅವರ ಸರಾಸರಿ ಒತ್ತಡ 320/250 ಇತ್ತು. ಒಬ್ಬರಲ್ಲಿ 480/350 ದಾಟಿತ್ತು. ನಾವು 140/90ಕ್ಕೇ ಮಾತ್ರೆ ಬರೆಯುವವರು! ಆ ಪಟುಗಳಿಗೆ ಅದು ಕ್ಷಣಮಾತ್ರದ ಏರಿಕೆ, ಗಟ್ಟಿ ರಕ್ತನಾಳಗಳು, ತಡೆದುಕೊಂಡರು. ಐವತ್ತೈದರ ಬಿ.ಪಿ. ರೋಗಿಗೆ, ಸಕ್ಕರೆಯಿಂದ ಕಣ್ಣಿನ ನರಪಟಲದ ರಕ್ತನಾಳ ಶಿಥಿಲವಾದವರಿಗೆ ಅದು ಬೇರೆಯೇ ಮಾತು. ಆದ್ದರಿಂದ ಟ್ರೇನರ್ ಉಸಿರಾಟ ಹೇಳಿಕೊಡುತ್ತಾನೆಯೇ ನೋಡಿ. ಎತ್ತುವಾಗ ಉಸಿರು ಬಿಡು, ಇಳಿಸುವಾಗ ತೆಗೆದುಕೋ, ಬಿಗಿ ಹಿಡಿಯಬೇಡ ಎಂದು ಪದೇ ಪದೇ ಹೇಳುವವನು ಬೇಕು. ಹಗುರ ಭಾರ, ಹೆಚ್ಚು ಸಲ. ಕುಳಿತಾಗಲೇ 180/110 ಮೀರಿದ್ದರೆ ಅಂದು ಜಿಮ್ ಬೇಡ, ನಮ್ಮ ಬಳಿಗೆ ಬನ್ನಿ.

ಇದರಿಂದ ಭಾರ ಎತ್ತುವುದೇ ಕೆಟ್ಟದ್ದೆಂದು ತಿಳಿಯಬೇಡಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಮಾಡಬೇಕು, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಸ್ನಾಯು ಬಲಗೊಂಡರೆ ಸಕ್ಕರೆ ಹತೋಟಿಗೆ ಬರುತ್ತದೆ, ಮೊಣಕಾಲಿನ ಮೇಲಿನ ಹೊರೆ ತಗ್ಗುತ್ತದೆ, ಮುಪ್ಪಿನಲ್ಲಿ ಬೀಳುವುದು ಕಡಿಮೆಯಾಗುತ್ತದೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಇವರನ್ನೆಲ್ಲ ಬರಿಯ ಮಾತ್ರೆಯಿಂದ ಕಾಯಲು ಸಾಧ್ಯವಿಲ್ಲ. ಕಾಯಕವನ್ನು ನಂಬಿದ ಪರಂಪರೆ ನಮ್ಮದು, ಮೈ ಬಗ್ಗಿಸುವುದಕ್ಕೆ ನಾವು ನಾಚಬೇಕಿಲ್ಲ. ಹೊಲದ ಕೆಲಸ ಬಿಟ್ಟು ಕುರ್ಚಿಯ ಕೆಲಸ ಹಿಡಿದವರಿಗೆ ಜಿಮ್ ಒಂದು ದಾರಿ. ಹಣವಿಲ್ಲದವರಿಗೆ ಬೆಳಗಿನ ನಡಿಗೆ ಇದ್ದೇ ಇದೆ, ಅದಕ್ಕೆ ಶುಲ್ಕವಿಲ್ಲ.

ಸಕ್ಕರೆಯವರಿಗೆ ಎರಡು ಮಾತು. ಇನ್ಸುಲಿನ್ ಅಥವಾ ಮಾಸ್ತರರಂಥ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಹೋಗಬೇಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೋಡಿಕೊಳ್ಳಿ, 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಆರಂಭಿಸಿ. ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ, ಅದು ಯಾಕೆ ಇದೆಯೆಂದು ಟ್ರೇನರ್‌ಗೂ ತಿಳಿದಿರಲಿ. ಬೆವರು, ನಡುಕ, ಮಾತು ತೊದಲುವುದು ಕಂಡರೆ ಅವನೇ ನಿಮ್ಮ ಬಾಯಿಗೆ ಹಾಕಬೇಕು. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ತರಬೇಕು. ಪಾದ ಜೋಮು ಹಿಡಿಯುವವರು ಬರಿಗಾಲಲ್ಲಿ ವ್ಯಾಯಾಮ ಮಾಡಬಾರದು, ದಿನವೂ ಅಂಗಾಲು ನೋಡಿಕೊಳ್ಳಬೇಕು.

ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೊಂದು ಸೂಕ್ಷ್ಮವಿದೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ನಾಡಿಬಡಿತವನ್ನು ಏರಗೊಡುವುದಿಲ್ಲ. ಟ್ರೇನರ್ ಕೈಗಡಿಯಾರ ನೋಡಿ "ನಿಮ್ಮ ಬಡಿತ ಇನ್ನೂ ನೂರು ದಾಟಿಲ್ಲ, ಜೋರಾಗಿ ಮಾಡಿ" ಎಂದರೆ ಅಪಾಯ. ಅಂಥವರು ನಾಡಿಯ ಲೆಕ್ಕ ಬಿಟ್ಟು ಮಾತಿನ ಲೆಕ್ಕ ಹಿಡಿಯಬೇಕು. ವ್ಯಾಯಾಮದ ನಡುವೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ಹೊರಡದಷ್ಟು ಏದುಸಿರು ಬಂದರೆ ಅತಿಯಾಯಿತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಇಲ್ಲಿ ಯಾರೂ ಮರೆತಿರಲಾರರು. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ನಮ್ಮಲ್ಲಿಗೂ ತರುಣರು ಬಂದರು, "ಜಿಮ್ ಬಿಟ್ಟುಬಿಡಲೇ?" ಎಂದು ಕೇಳಿದರು. ವ್ಯಾಯಾಮವೇ ಅವರನ್ನು ಕೊಂಡೊಯ್ದಿತು ಎಂದು ಹೇಳುವುದು ಸರಿಯಲ್ಲ. ಆದರೆ ವ್ಯಾಯಾಮದ ವೇಳೆ ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬಾರದು. ಕೂಡಲೇ ಇ.ಸಿ.ಜಿ. ಆಗಬೇಕು.

ಆದ್ದರಿಂದ ಟ್ರೇನರ್‌ಗೆ ನಾಚದೆ ಕೇಳಿ: "ನಾನು ಇಲ್ಲೇ ಕುಸಿದು ಬಿದ್ದರೆ ನೀನು ಏನು ಮಾಡುತ್ತೀಯಪ್ಪ?" ಉತ್ತರ ತಡವರಿಸಬಾರದು. 108ಕ್ಕೆ ಕರೆ ಮಾಡಿಸುತ್ತೇನೆ, ಉಸಿರಿಲ್ಲದಿದ್ದರೆ ಎದೆಯ ಮಧ್ಯೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತೇನೆ ಎಂದು ಹೇಳಬಲ್ಲವನಾಗಿರಬೇಕು. ಮುಖಕ್ಕೆ ನೀರು ಚಿಮುಕಿಸುತ್ತೇನೆ ಎಂದಷ್ಟೇ ಹೇಳಿದರೆ ಬೇರೆ ಜಿಮ್ ನೋಡಿ.

ಸರ್ಟಿಫಿಕೇಟಿನ ವಿಷಯ. ವೈದ್ಯರಿಗೆ, ನರ್ಸ್‌ಗಳಿಗೆ ಇರುವಂಥ ಕಡ್ಡಾಯ ನೋಂದಣಿ ಜಿಮ್ ತರಬೇತುದಾರರಿಗೆ ನಮ್ಮಲ್ಲಿ ಇಲ್ಲ. ನಾಳೆ ನಾನೂ ಬೋರ್ಡು ಹಾಕಬಹುದು. ಕೇಂದ್ರದ ಕೌಶಲ ತರಬೇತಿ ವ್ಯವಸ್ಥೆಯಡಿ ಫಿಟ್‌ನೆಸ್ ಟ್ರೇನರ್ ಕೋರ್ಸ್ ಇದೆ, ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಇದೆ, ವಿದೇಶಿ ಸಂಸ್ಥೆಗಳ ಪ್ರಮಾಣಪತ್ರಗಳಿವೆ. ವಿದೇಶಿ ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಗೋಡೆಗೆ ತೂಗುಹಾಕಿದ ಕಾಗದದ ತಾರೀಕು ನೋಡಿ. ದೇಹದಾರ್ಢ್ಯ ಸ್ಪರ್ಧೆಯ ಕಪ್ಪುಗಳು ಅವನು ತನ್ನ ಮೈಯನ್ನು ಚೆನ್ನಾಗಿ ಬಲ್ಲ ಎಂಬುದಕ್ಕೆ ಸಾಕ್ಷಿ, ನಿಮ್ಮದನ್ನು ಬಲ್ಲ ಎಂಬುದಕ್ಕಲ್ಲ. ಇನ್ನು ಪಾರ್ಶ್ವವಾಯು ಆದವರು, ಕೀಲು ಬದಲಾಯಿಸಿಕೊಂಡವರು, ಡಿಸ್ಕ್ ಸರಿದವರು, ಬೈಪಾಸ್ ಆದವರು ನೇರವಾಗಿ ಜಿಮ್ಮಿಗೆ ಹೋಗಲೇಬೇಡಿ. ಮೊದಲು ನಾಲ್ಕೂವರೆ ವರ್ಷ ಓದಿದ ಫಿಸಿಯೋಥೆರಪಿಸ್ಟ್ ಬಳಿ. ಅವರು ಸಾಕೆಂದ ಮೇಲೆ ಉಳಿದದ್ದು.

ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ತಾಯಂದಿರು ಇದಕ್ಕೇ ಕಾದಿದ್ದೀರೆಂದು ಬಲ್ಲೆ. "ಮಗ ದಿನಾ ಪ್ರೋಟೀನ್ ಪುಡಿ ಕುಡಿಯುತ್ತಾನೆ, ಕಿಡ್ನಿ ಹೋಗುತ್ತದಂತೆ ಹೌದೇ?" ಎಂಬ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಆರೋಗ್ಯವಂತನಿಗೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ ವಿಷವಲ್ಲ. ಆದರೆ ಬಹುಪಾಲು ಜನರಿಗೆ ಅದು ಬೇಕಾಗಿಯೂ ಇಲ್ಲ. ಐ.ಸಿ.ಎಂ.ಆರ್. 2020ರ ಶಿಫಾರಸಿನಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ 50 ಗ್ರಾಂ. ಕಸರತ್ತು ಮಾಡುವವರಿಗೆ ತುಸು ಹೆಚ್ಚು. ನೂರು ಗ್ರಾಂ ಹೆಸರುಕಾಳಿನಲ್ಲಿ, ನೂರು ಗ್ರಾಂ ಶೇಂಗಾದಲ್ಲಿ ಸುಮಾರು 24-25 ಗ್ರಾಂ ಇದೆ. ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಾಲು. ಕಾಯಿಪಲ್ಲೆ ಉಣ್ಣುವ ಮನೆಯ ಮಗ ಮೈ ಬೆಳೆಸಲಾರ ಎಂಬ ಮಾತು ಸುಳ್ಳು. ಮೂತ್ರಪಿಂಡದ ತೊಂದರೆ ಈಗಾಗಲೇ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪುಡಿಯನ್ನು ಮುಟ್ಟಬಾರದು. ಕೊಳ್ಳುವುದಾದರೆ ಡಬ್ಬಿಯ ಮೇಲೆ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿ, ರಸೀದಿ ಪಡೆಯಿರಿ. ತರಬೇತಿ ಕೊಡುವವನೇ ಡಬ್ಬಿಯನ್ನೂ ಮಾರುತ್ತಿದ್ದರೆ ಅವನ ಸಲಹೆಯಲ್ಲಿ ಲಾಭವೆಷ್ಟು, ಹಿತವೆಷ್ಟು ಎಂದು ಲೆಕ್ಕ ಹಾಕಿ.

ಪುಡಿಗಿಂತ ಭಯಪಡಬೇಕಾದದ್ದು ಸೂಜಿ. ಸ್ಟೀರಾಯ್ಡ್ ಇಂಜೆಕ್ಷನ್‌ಗಳಿಂದ ತೋಳು ಬೇಗ ಉಬ್ಬುತ್ತದೆ, ನಿಜ. ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತನ್ನದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಲ್ಲವಾಗುತ್ತದೆ. ಮದುವೆಯಾಗಿ ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ತಪಾಸಣೆಗೆ ಕರೆತರುತ್ತಾರೆ. ತೊಂದರೆ ಎಷ್ಟೋ ಸಲ ಮಗನ ಸೂಜಿಯಲ್ಲಿರುತ್ತದೆ. ಹೃದಯದ ಸ್ನಾಯು ದಪ್ಪವಾಗುತ್ತದೆ, ಯಕೃತ್ತು ಕೆಡುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಬಿ.ಪಿ. ಕುಸಿದಾಗ ನಾವು ಕೊಡುವ ಮೆಫೆಂಟರ್‌ಮಿನ್ ಎಂಬ ಇಂಜೆಕ್ಷನ್ನನ್ನು ಕೂಡ ಹುರುಪಿಗೆಂದು ಚುಚ್ಚಿಕೊಳ್ಳುವ ಹುಡುಗರಿದ್ದಾರೆ. ಅದು ಚಟವಾಗುತ್ತದೆ, ಮತಿಭ್ರಮಣೆಯೂ ಬರಬಹುದು. ಸೂಜಿಯ ಮಾತು ಆಡಿದ ಟ್ರೇನರ್ ಬಳಿಗೆ ಮರುದಿನ ಹೋಗಬಾರದು, ಕಟ್ಟಿದ ಹಣ ಹೋದರೆ ಹೋಗಲಿ. ಮಗನಿಗೆ ಹಠಾತ್ತನೆ ಬೆನ್ನು ತುಂಬ ಮೊಡವೆ, ಸಿಡುಕು, ನಿದ್ರೆಗೇಡು ಕಂಡರೆ ಬೈಯದೆ ಕೇಳಿ. ಬೈದರೆ ಹೇಳುವುದಿಲ್ಲ.

ಹೆಣ್ಣುಮಕ್ಕಳು ಜಿಮ್ ನೋಡಲು ಹೋಗುವಾಗ ಜೊತೆಗೊಬ್ಬರನ್ನು ಕರೆದೊಯ್ಯಿರಿ, ಮಹಿಳಾ ತರಬೇತುದಾರರು ಇದ್ದಾರೆಯೇ ವಿಚಾರಿಸಿ. ಭಂಗಿ ತಿದ್ದುವ ಮುನ್ನ "ಮುಟ್ಟಬಹುದೇ?" ಎಂದು ಕೇಳುವುದು ಮರ್ಯಾದೆ, ಬಾಯಲ್ಲಿ ಹೇಳಿ ತಾನೇ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಹಣದ ವಿಷಯದಲ್ಲಿ ಒಂದೇ ಮಾತು: ವರ್ಷದ್ದು ಕಟ್ಟಿದರೆ ರಿಯಾಯಿತಿ ಎಂದರೂ ಮೊದಲು ಒಂದು ತಿಂಗಳಿಗಷ್ಟೇ ಕಟ್ಟಿ. ಕಟ್ಟುವ ಮುನ್ನ ಒಂದು ಸಂಜೆ ಸುಮ್ಮನೆ ಮೂಲೆಯಲ್ಲಿ ಕುಳಿತು ನೋಡಿ. ಟ್ರೇನರ್ ತನ್ನವರ ಮೇಲೆ ಕಣ್ಣಿಟ್ಟಿದ್ದಾನೋ ಮೊಬೈಲ್ ಮೇಲೋ, ವಯಸ್ಸಾದವರಿಗೂ ಹುಡುಗರಿಗೂ ಒಂದೇ ಕಸರತ್ತು ಹೇಳುತ್ತಾನೋ ಬೇರೆಯೋ, ನೋವೆಂದರೆ ನಿಲ್ಲಿಸುತ್ತಾನೋ ಗದರುತ್ತಾನೋ, ಅರ್ಧ ಗಂಟೆಯಲ್ಲಿ ಎಲ್ಲ ತಿಳಿಯುತ್ತದೆ.

ಮಾಸ್ತರರ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಅದೇ ಜಿಮ್ಮಿಗೆ, ಅದೇ ಹುಡುಗನ ಬಳಿಗೆ ಹೋದರು. ಮನೆಯವರು ಬೇಡವೆಂದರು. "ಒಮ್ಮೆ ಅಂಜಿದಾವ ಇನ್ನ ಮ್ಯಾಲೆ ಕೇಳದ ಬಿಡೂದಿಲ್ಲ" ಎಂದರಂತೆ ಮಾಸ್ತರರು. ಹಾಗೆಯೇ ಆಯಿತು. ಆ ಹುಡುಗ ಈಗ ಹೊಸದಾಗಿ ಬಂದ ಹಿರಿಯರನ್ನು ನನ್ನ ಬಳಿಗೆ ಕಳಿಸುತ್ತಾನೆ, ಕೆಲವೊಮ್ಮೆ ತಾನೇ ಜೊತೆಗೆ ಬರುತ್ತಾನೆ. ನಾನೂ "ವ್ಯಾಯಾಮ ಮಾಡಿ" ಎಂದಷ್ಟೇ ಬರೆಯುವುದನ್ನು ಬಿಟ್ಟಿದ್ದೇನೆ. ಯಾವ ಕಾಯಿಲೆ, ಯಾವ ಮಾತ್ರೆ, ಏನು ಮಾಡಬಹುದು, ಏನು ಕೂಡದು, ಯಾವ ಲಕ್ಷಣಕ್ಕೆ ನಿಲ್ಲಿಸಬೇಕು ಎಂದು ಕನ್ನಡದಲ್ಲೇ ಬರೆದು ಕೊಡುತ್ತೇನೆ. ಜಿಮ್ ಸೇರಬೇಕೆಂದಿರುವವರು ಹೊರರೋಗಿ ವಿಭಾಗದಲ್ಲಿ ಆ ಚೀಟಿಯನ್ನು ಕೇಳಿ ಪಡೆಯಿರಿ. ಒಂದು ಪ್ರತಿ ನಿಮ್ಮ ಜೇಬಿಗೆ, ಒಂದು ಟ್ರೇನರ್ ಕೈಗೆ. ನಾನು ಅವಸರದಲ್ಲಿ ಮರೆತರೆ ನೀವೇ ನೆನಪಿಸಿ, ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಸಾದದ ಗಂಟೆ ಆಯಿತು. ಸಕ್ಕರೆಯ ಮಾತ್ರೆ ನುಂಗಿ ಕುಳಿತವರು ಮೊದಲು ಎದ್ದು ಪಂಕ್ತಿಗೆ ಹೋಗಿ. ಪ್ರಶ್ನೆ ಇರುವವರು ಪ್ರಸಾದದ ನಂತರ ಇಲ್ಲಿಯೇ ಸಿಗಿ, ನಾನು ಇರುತ್ತೇನೆ.